ಸಹಾಯ ಬೇಕು: ಮೂಳೆ ಮೇಲಿನ ಗೀರು ತೋರಿಸಲು ಮೈಕ್ರೋಸ್ಕೋಪ್

ನಮಸ್ಕಾರ. ಮಂಡ್ಯದಲ್ಲಿ ಹೈಸ್ಕೂಲ್ ಮಕ್ಕಳಿಗೆ ಶಿಲಾಯುಗದ ಬೇಟೆಗಾರರ ಪಾಠ ಮಾಡುತ್ತಿದ್ದೇನೆ. ಗುಜರಾತಿನ ಲಾಂಘ್ನಾಜ್‌ನಲ್ಲಿ ಆ ಕಾಲದ ಜನರಿದ್ದ ಜಾಗದಲ್ಲಿ ಘೇಂಡಾಮೃಗದ ಮೂಳೆ ಸಿಕ್ಕಿದೆ ಅಂದೆ. 'ಮೂಳೆ ಸಿಕ್ಕರೆ ಮನುಷ್ಯರೇ ತಿಂದರು ಅಂತಾನಾ? ತೋಳ ತಿಂದಿದ್ದರೆ?' ಅಂದಳು ಒಬ್ಬಳು. ಒಳ್ಳೆ ಪ್ರಶ್ನೆ ಅಲ್ವಾ!

ಉತ್ತರ ಮೂಳೆ ಮೇಲಿನ ಗುರುತಿನಲ್ಲಿದೆ: ಕಲ್ಲಿನ ಅಲಗಿನ ಗೀರು ಸಾಮಾನ್ಯವಾಗಿ ಕಿರಿದು, ತಳ ಚೂಪು. ಹಲ್ಲಿನ ಗುರುತು ಅಗಲ, ತಳ ದುಂಡಗೆ. ಮಜ್ಜೆಗಾಗಿ ಹಸಿ ಮೂಳೆ ಒಡೆದರೆ ಸುರುಳಿಯಾಗಿ ಸೀಳುತ್ತದೆ. ಬಾಯಲ್ಲಿ ಹೇಳಿದ್ದಾಯಿತು, ತೋರಿಸಬೇಕಲ್ಲ. ಭಾನುವಾರದ ಕಾಲುಸೂಪಿನ ಮೂಳೆ ತೊಳೆದಿಟ್ಟಿದ್ದೇನೆ. ಅರ್ಧವನ್ನು ಬೀದಿನಾಯಿಗೆ ಕೊಟ್ಟು ವಾಪಸ್ ತಂದೆ, ಮನೆಯಲ್ಲಿ ಬೈಗುಳ ಜಾಸ್ತಿ.

ಮೈಸೂರು, ಮಂಡ್ಯದಲ್ಲಿ ಯಾರ ಹತ್ತಿರವಾದರೂ ಫೋನಿಗೆ ಹಾಕುವ ಮೈಕ್ರೋಸ್ಕೋಪ್ ಇದೆಯಾ? ಒಂದು ವಾರ ಸಾಕು. ಉಳಿದರ್ಧ ಮೂಳೆ ಮೇಲೆ ಗೀರು ಹಾಕಲು ಚೂಪಾದ ಕಲ್ಲಿನ ಚಕ್ಕೆ ಬೇಕು, ಅದನ್ನು ಎಬ್ಬಿಸಲು ಬರುವವರೂ ಬೇಕು. ನಾನು ಹೆಬ್ಬೆರಳು ಜಜ್ಜಿಕೊಂಡಿದ್ದಷ್ಟೇ ಬಂತು.