ಹತ್ತಿರದ ಸರ್ಕಾರಿ ಶಾಲೆಯಲ್ಲಿ 48 ಮಕ್ಕಳು: ಮಗಳನ್ನು ಸೇರಿಸಬಹುದೇ?

ಪ್ರಶ್ನೆ – ಪೋಷಕಿ, ಮಂಗಳೂರು

ಬರುವ ಜೂನ್‌ನಲ್ಲಿ ಮಗಳನ್ನು ಒಂದನೇ ತರಗತಿಗೆ ಸೇರಿಸಬೇಕಾಗಿದೆ. ಮನೆಯಿಂದ ಐದು ನಿಮಿಷ ನಡೆದರೆ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಿದೆ. ನನ್ನ ಗಂಡ ಮತ್ತು ಅವರ ಅಕ್ಕಂದಿರು ಕಲಿತದ್ದು ಅಲ್ಲಿಯೇ. ಆಗ ಕೋಣೆಗಳು ಸಾಲದೆ ಜಗಲಿಯಲ್ಲಿ ಪಾಠ ನಡೆಯುತ್ತಿದ್ದ ಶಾಲೆಯಲ್ಲಿ ಈಗ ಒಟ್ಟು 48 ಮಕ್ಕಳಿದ್ದಾರೆ. ಕಳೆದ ವಾರ ನೋಡಲು ಹೋದಾಗ ಒಂದು, ಎರಡು, ಮೂರನೇ ತರಗತಿಯವರೆಲ್ಲ ಒಂದೇ ಕೋಣೆಯಲ್ಲಿದ್ದರು. 2025ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ರಾಜ್ಯಕ್ಕೇ ಮೊದಲ ಸ್ಥಾನ ಪಡೆದ ಜಿಲ್ಲೆಯಲ್ಲಿ, ಅದೂ ನಗರದೊಳಗೆ, ಹೀಗೇಕೆ? ಮಕ್ಕಳು ಕಡಿಮೆಯೆಂದರೆ ಪಾಠ ಚೆನ್ನಾಗಿಲ್ಲವೆಂದೇ ತಿಳಿಯಬೇಕೇ?

ಉತ್ತರ – ನಿವೃತ್ತ ಮುಖ್ಯ ಶಿಕ್ಷಕ, ಉಡುಪಿ

ತಾವು ಕಂಡದ್ದು ನಲಿ-ಕಲಿ ಕೋಣೆ, ಅಂದರೆ ಒಂದರಿಂದ ಮೂರನೇ ತರಗತಿಯವರು ಚಟುವಟಿಕೆಗಳ ಮೂಲಕ ಕಲಿಯುವ ಕೋಣೆ. ಅಲ್ಲಿ ಮೂರೂ ತರಗತಿಯ ಮಕ್ಕಳು ಬೆರೆತು ಕೂರುವುದು ಪದ್ಧತಿಯೇ ಆಗಿದ್ದು, ಪ್ರತಿ ಮಗುವೂ ತಾನು ತಲುಪಿದ ಮೈಲಿಗಲ್ಲಿಗೆ (ಕಲಿಕೆಯ ಹಂತಕ್ಕೆ) ತಕ್ಕ ಚಟುವಟಿಕೆಯ ಕಾರ್ಡು ಹಿಡಿದು ಆಯಾ ತಟ್ಟೆಯಲ್ಲಿ, ಅಂದರೆ ಗುಂಪಿನಲ್ಲಿ, ಕಲಿಯುತ್ತದೆ. ನಾಲ್ಕು, ಐದನೆಯವರನ್ನು ಯಾರು ನೋಡಿಕೊಳ್ಳುತ್ತಾರೆಂದು ವಿಚಾರಿಸಿ.

2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಒಂದರಿಂದ ಐದನೇ ತರಗತಿಗಳಲ್ಲಿ 60ರವರೆಗೆ ಮಕ್ಕಳಿದ್ದರೆ ಇಬ್ಬರು ಶಿಕ್ಷಕರು, 61ರಿಂದ 90ರವರೆಗೆ ಮೂವರು. ಮಕ್ಕಳ ಸಂಖ್ಯೆ ಈ ಮಿತಿಯ ಅಂಚಿನಲ್ಲಿರುವ ಶಾಲೆಯಿಂದ ಎರಡು ಮನೆಯವರು ಮಕ್ಕಳನ್ನು ಬಿಡಿಸಿಕೊಂಡು ಹೋದರೂ ಒಬ್ಬ ಶಿಕ್ಷಕರು ‘ಹೆಚ್ಚುವರಿ’ಯಾಗಿ ಬೇರೆ ಶಾಲೆಗೆ ಹೋಗಬೇಕಾಗುತ್ತದೆ, ಆಗ ಉಳಿದ ಪೋಷಕರು ‘ಟೀಚರೇ ಇಲ್ಲವಲ್ಲ’ ಎಂದು ಟಿ.ಸಿ. ಕೇಳಲು ಬರುತ್ತಾರೆ. ನಮ್ಮಲ್ಲಿ ಸಂಖ್ಯೆ 63ರಿಂದ 58ಕ್ಕೆ ಇಳಿದ ವರ್ಷ, ನಾನು ಐದನೆಯವರಿಗೆ ಭಿನ್ನರಾಶಿ ಹೇಳುತ್ತಲೇ ಬಿಸಿಯೂಟದ ಅಕ್ಕಿಯ ಲೆಕ್ಕ ಬರೆದಿದ್ದೇನೆ.

ಎಸ್ಸೆಸ್ಸೆಲ್ಸಿ ಸ್ಥಾನದಿಂದ ತಮ್ಮ ಶಾಲೆಯನ್ನು ಅಳೆಯಲಾಗದು. ಅದರಲ್ಲಿ ಅನುದಾನಿತ, ಖಾಸಗಿ ಶಾಲೆಗಳ ಮಕ್ಕಳೂ ಸೇರಿದ್ದಾರೆ.

ಉತ್ತರ – ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯೆ, ಮಂಗಳೂರು

ಮಾಷ್ಟ್ರು ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ನಮ್ಮ ಶಾಲೆಯ ಅರ್ಧಕ್ಕಿಂತ ಹೆಚ್ಚು ಮಕ್ಕಳು ಬಾಗಲಕೋಟೆ, ಕೊಪ್ಪಳದ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮನೆಯವರು. ಜಾತ್ರೆಗೆಂದು ಊರಿಗೆ ಹೋದರೆ ಮರಳಲು ಹದಿನೈದು ದಿನವಾಗುತ್ತದೆ; ಕಲಿಕೆ ಹಿಂದೆ ಬೀಳುವುದು ಬಹುಮಟ್ಟಿಗೆ ಅಲ್ಲಿಯೇ. ಆದರೆ ಮನೆಯಲ್ಲಿ ತುಳು, ಬ್ಯಾರಿ ಆಡುವ ನಮ್ಮ ಮಕ್ಕಳಿಗಿಂತ ಕಥೆ ಓದುವುದರಲ್ಲಿ ಅವರೇ ಮುಂದು, ಏಕೆಂದರೆ ಕನ್ನಡ ಅವರ ಮನೆಮಾತು. ಅಕ್ಕಾ, ತಾವು ಹೋದಾಗ ಮೂರನೇ ತರಗತಿಯ ಒಂದು ಮಗುವಿನ ಕೈಗೆ ಅದು ಮೊದಲು ಕಾಣದ ಪುಸ್ತಕ ಕೊಟ್ಟು ಓದಿಸಿ ನೋಡಿ. 2019-20ರಲ್ಲಿ ರಾಜ್ಯದ 1,000 ಸರ್ಕಾರಿ ಶಾಲೆಗಳಲ್ಲಿ ಆಂಗ್ಲ ಮಾಧ್ಯಮ ವಿಭಾಗಗಳು ಮಂಜೂರಾಗಿದ್ದವು. ಬೇಕಿದ್ದರೆ ಅದನ್ನೂ ಕೇಳಿಕೊಳ್ಳಿ.

ಮರುಉತ್ತರ – ಪೋಷಕಿ

ಇಬ್ಬರಿಗೂ ಕೃತಜ್ಞತೆಗಳು. ಇಂದು ಮತ್ತೆ ಹೋಗಿದ್ದೆ. ಮೂರನೆಯ ಹುಡುಗಿಯೊಬ್ಬಳು ಬೆರಳಿಟ್ಟುಕೊಂಡು ಇಡೀ ಪುಟ ಓದಿದಳು. ಐದನೆಯ ಹುಡುಗ ಭಾಗಾಕಾರದಲ್ಲಿ ಶೇಷ ಬರೆಯುವುದನ್ನು ಮರೆತ. ಕಾಯಂ ಶಿಕ್ಷಕಿ ಒಬ್ಬರೇ, ಇನ್ನೊಬ್ಬರು ಅತಿಥಿ ಶಿಕ್ಷಕಿ. ಅವರು ಮುಂದಿನ ವರ್ಷವೂ ಇರುತ್ತಾರೆಯೇ ಎಂದರೆ ಇಬ್ಬರೂ ನಕ್ಕು ಸುಮ್ಮನಾದರು. ಪಕ್ಕದ ಮನೆಯವರೂ ಒಪ್ಪಿದರೆ ಎರಡು ಅರ್ಜಿಗಳನ್ನು ಒಟ್ಟಿಗೇ ಕೊಡುತ್ತೇವೆ.