ಪದಚರ್ಚೆ: ಓರಲ್ ಮ್ಯೂಕೊಸೈಟಿಸ್, ಪ್ಲಾಂಟ್ ಎಕ್ಸ್‌ಟ್ರ್ಯಾಕ್ಟ್ – ಸಂಜೆಯೊಳಗೆ ಬೇಕು

ಎಲ್ಲರಿಗೂ ನಮಸ್ಕಾರ.

ಕ್ಯಾನ್ಸರಿಗೆ ಕೀಮೋ ತೆಗೆದುಕೊಳ್ಳುವವರಿಗೆ ಆಸ್ಪತ್ರೆಯಲ್ಲಿ ಹಂಚುವ ಕರಪತ್ರವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಸಂಜೆ ಪ್ರೆಸ್ಸಿಗೆ ಹೋಗಬೇಕು. ಒಂದು ಕಡೆ ಸಿಕ್ಕಿಕೊಂಡಿದ್ದೇನೆ. ಸದ್ಯ ಹೀಗಿದೆ:

"ಕೀಮೋ ಔಷಧಿಗಳಿಂದಾಗುವ ಬಾಯಿಯ ಲೋಳೆಪೊರೆಯ ಉರಿಯೂತವನ್ನು ತಡೆಯಲು ಕ್ಯಾಮೊಮೈಲ್, ಲೋಳೆಸರ, ಅರಿಶಿನ ಮುಂತಾದ ಸಸ್ಯಸಾರಗಳನ್ನು ಪ್ರಯೋಗಿಸಿ ನೋಡಲಾಗಿದೆ. ವೈದ್ಯರನ್ನು ಕೇಳದೆ ಬಳಸಬೇಡಿ."

ಮ್ಯೂಕೊಸೈಟಿಸ್‌ಗೆ 'ಲೋಳೆಪೊರೆಯ ಉರಿಯೂತ' ಅಂದರೆ ಪಠ್ಯಪುಸ್ತಕದ ಮಾತಾಯಿತು. 'ಬಾಯಿಹುಣ್ಣು' ಅಂತ ಹಾಕಿದರೆ ಉಷ್ಣಕ್ಕೆ ಆಗಿದ್ದು ಅಂದುಕೊಂಡು ಬಿ-ಕಾಂಪ್ಲೆಕ್ಸ್ ನುಂಗಿ, ಸೀಬೆ ಚಿಗುರು ಅಗಿದು ಸುಮ್ಮನಾಗಿಬಿಡುತ್ತಾರೆ. ಎಕ್ಸ್‌ಟ್ರ್ಯಾಕ್ಟಿಗೆ 'ಸಾರ'ವೂ ಸಮಾಧಾನ ಕೊಡುತ್ತಿಲ್ಲ. ಕಷಾಯ? ಅರ್ಕ? ಸತ್ವ?

– ಸು., ಮೈಸೂರು

*

ಬಾಯಿಹುಣ್ಣು ಅನ್ರಿ, ಮುಗೀತು. ಲೋಳೆಪೊರೆ ಅಂದ್ರ ಮಂದಿಗೆ ಏನ್ ತಿಳೀಬೇಕು?

– ವಿ., ಧಾರವಾಡ

*

> ಬಾಯಿಹುಣ್ಣು ಅನ್ರಿ, ಮುಗೀತು.

ಮುಗಿಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಳತೆಯಲ್ಲಿ ಇದಕ್ಕೆ 0ಯಿಂದ 4ರವರೆಗೆ ಹಂತಗಳಿವೆ. 1ರಲ್ಲಿ ಹುಣ್ಣೇ ಇರಲ್ಲ, ಬಾಯಿ ಕೆಂಪಾಗಿ ಉರಿಯುತ್ತೆ ಅಷ್ಟೆ. 2ರಲ್ಲಿ ಹುಣ್ಣಾಗಿದ್ದರೂ ಅನ್ನ ತಿನ್ನಬಹುದು, 3ರಲ್ಲಿ ಗಂಜಿ-ನೀರು ಮಾತ್ರ, 4ರಲ್ಲಿ ಬಾಯಿಂದ ಏನೂ ಇಳಿಯಲ್ಲ. 'ಹುಣ್ಣು' ಅಂತ ಬರೆದರೆ ಮೊದಲ ಹಂತದವರು 'ನನಗಿನ್ನೂ ಆಗಿಲ್ಲವಲ್ಲ' ಅಂತ ಕಾಯುತ್ತಾ ಕೂರುತ್ತಾರೆ. ನಮಗೆ ಸುದ್ದಿ ಮುಟ್ಟಬೇಕಾದ್ದು ಆಗಲೇ.

5-ಫ್ಲೂರೋಯುರಾಸಿಲ್ (5-ಎಫ್‌ಯು), ಮೆಥೋಟ್ರೆಕ್ಸೇಟ್ ಥರದ ಕೀಮೋ ಔಷಧಿಗಳು ಬೇಗಬೇಗ ಹೆಚ್ಚುವ ಜೀವಕೋಶಗಳ ಮೇಲೆ ಬೀಳುತ್ತವೆ. ಬಾಯಿಯ ಒಳಪೊರೆಯ ಕೋಶಗಳೂ ಅಂಥವೇ. ರೋಗಿಗಳ ಬಾಯಲ್ಲಿ ಇದಕ್ಕೆ ಮಾತು ಆಗಲೇ ಇದೆ: "ಬಾಯೆಲ್ಲ ಬೆಂದುಹೋಗಿದೆ ಡಾಕ್ಟ್ರೇ." ಎಲೆಅಡಿಕೆಗೆ ಸುಣ್ಣ ಹೆಚ್ಚಾದಾಗಲೂ ಅದೇ ಮಾತಲ್ಲವೇ? ಅದನ್ನೇ ಬರೆಯಿರಿ. ಆಯುರ್ವೇದದ 'ಮುಖಪಾಕ'ದಲ್ಲಿರುವ ಪಾಕವೂ ಬೇಯುವುದೇ. ಆದರೆ ಆ ಪದ ಬೇಡ. ಕನ್ನಡದಲ್ಲಿ ಮುಖ ಅಂದರೆ ಮೋರೆ.

ಪದಕ್ಕೆ ಸಂಬಂಧಪಡದ ಇನ್ನೊಂದು ಮಾತು. ಕ್ಯಾಮೊಮೈಲ್ ಹೆಸರನ್ನು ಮೊದಲಿಗೆ ಇಡಬೇಡಿ. 5-ಎಫ್‌ಯು ಪಡೆಯುತ್ತಿದ್ದ 164 ಮಂದಿಯ ಮೇಲೆ ನಡೆದು 1996ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಅದರಿಂದ ಮುಕ್ಕಳಿಸಿದವರಿಗೂ ಔಷಧಿಯಿಲ್ಲದ ಹುಸಿಮದ್ದಿನಿಂದ ಮುಕ್ಕಳಿಸಿದವರಿಗೂ ವ್ಯತ್ಯಾಸ ಕಾಣಲಿಲ್ಲ. ಅದೇ ಔಷಧಿಯನ್ನು ಒಮ್ಮೆಗೇ ರಕ್ತನಾಳಕ್ಕೆ ಕೊಡುವಾಗ ಅರ್ಧ ಗಂಟೆ ಐಸ್ ಚೂರು ಬಾಯಲ್ಲಿಟ್ಟುಕೊಳ್ಳುವುದಕ್ಕೆ ಇದಕ್ಕಿಂತ ಗಟ್ಟಿ ಆಧಾರವಿದೆ. ಕರಪತ್ರದಲ್ಲಿ ಐಸ್ ಇಲ್ಲದಿದ್ದರೆ ಆಸ್ಪತ್ರೆಯವರನ್ನು ಕೇಳಿ.

– ಡಾ. ಎಂ., ಬೆಂಗಳೂರು

*

ಎಕ್ಸ್‌ಟ್ರ್ಯಾಕ್ಟಿಗೆ ಕನ್ನಡದ್ದೇ ಪದವಿದೆ: ಸಾರು. ಹಳಗನ್ನಡದ ಸಾಱು, ಈಗ ಬಳಕೆ ತಪ್ಪಿದ 'ಱ' ಅಕ್ಷರದ್ದು (ಶಕಟರೇಫ). ಸಂಸ್ಕೃತದ 'ಸಾರ'ಕ್ಕೂ ಇದಕ್ಕೂ ನಂಟಿಲ್ಲ. ತಮಿಳರು ಇವತ್ತಿಗೂ ಸೊಪ್ಪು, ಮೂಲಿಕೆ ಹಿಂಡಿದ ರಸಕ್ಕೆ ಇದರದೇ ದಾಯಾದಿ ಪದವನ್ನು ಬಳಸುತ್ತಾರೆ. ನಾವು ಅದನ್ನು ಊಟದೆಲೆಗೆ ಕಟ್ಟಿಹಾಕಿದೆವು. 'ಗಿಡಸಾರು' ಎನ್ನಿ.

'ಅರ್ಕ' ಅಂತೂ ಬೇಡವೇ ಬೇಡ. ಎಕ್ಕದ ಗಿಡ, ಸೂರ್ಯ ಎಂಬರ್ಥದ ಅರ್ಕ ಸಂಸ್ಕೃತದ್ದು. ಬಟ್ಟಿ ಇಳಿಸಿದ ಅರ್ಕ ಅರಬ್ಬಿಯದು, ಮೂಲದಲ್ಲಿ ಬೆವರು ಎಂದರ್ಥ. ಕ್ಯಾಮೊಮೈಲೂ ಸೇವಂತಿಗೆ ಕುಲದ್ದೇ, ಸೀಮೆಬದನೆಯ ಹಾಗೆ 'ಸೀಮೆಸೇವಂತಿಗೆ' ಎನ್ನಲು ಏನು ಅಡ್ಡಿ?

– ಕೃ., ಶಿವಮೊಗ್ಗ

*

ಗಿಡಸಾರು ಅಂದ್ರ ಅನ್ನ ಎಲ್ಲಿ ಅಂತ ಕೇಳ್ತಾರ್ರೀ.

– ವಿ., ಧಾರವಾಡ

*

ತಯಾರಿಸುವ ಬಗೆ ನೋಡದೆ ಹೆಸರಿಡುವುದೇ ತಪ್ಪು. ಲೋಳೆಸರದ ತಿರುಳು ಹಿಂಡಿದರೆ ರಸ. ಅತಿಮಧುರದ ಬೇರು ಕುದಿಸಿ ಬತ್ತಿಸಿದರೆ ಕಷಾಯ. ಹೂವನ್ನು ಬಿಸಿನೀರಲ್ಲಿ ನೆನೆಹಾಕಿ ಸೋಸಿದರೆ ಫಾಂಟ. ನೀರಿನಲ್ಲೋ ಆಲ್ಕೋಹಾಲಿನಲ್ಲೋ ಸೆಳೆದು ಗಟ್ಟಿ ಮಾಡಿದ್ದು ಸತ್ವ. ಕಾರ್ಖಾನೆಯಿಂದ ಬರುವ ಎಕ್ಸ್‌ಟ್ರ್ಯಾಕ್ಟ್ ಬಹುಪಾಲು ಈ ಕೊನೆಯದು, ಹಾಗಾಗಿ 'ಸತ್ವ' ಸರಿ.

'ಕಷಾಯ' ಮಾತ್ರ ಹಾಕಬೇಡಿ ತಂಗಿ. ನಮ್ಮ ಕಡೆ ಕಷಾಯ ಅಂದರೆ ಕೊತ್ತಂಬರಿ-ಜೀರಿಗೆಯದು, ಹಾಲು ಹಾಕಿ ಕುಡಿಯುವುದು. ಮುಕ್ಕಳಿಸಿ ಉಗುಳಬೇಕಾದ್ದನ್ನು ದಿನಕ್ಕೆ ಮೂರು ಲೋಟ ಕುಡಿದಾರು.

– ಗ., ಶಿರಸಿ

*

> ಫಾಂಟ

ಇದನ್ನು ಕೇಳಿದ ರೋಗಿ ಕಂಪ್ಯೂಟರ್ ಅಕ್ಷರದ ಮಾತು ಅಂದುಕೊಳ್ಳುತ್ತಾನೆ. ಇಂಗ್ಲಿಷ್ ಬೇಡ ಎಂದು ಸಂಸ್ಕೃತಕ್ಕೆ ಓಡುವುದು ಬಾಡಿಗೆ ಮನೆ ಬದಲಿಸಿದ ಹಾಗೆ.

– ಕೃ.

*

ಕೃ. ಅವರೇ, ತಾವು ಬೆಳಗ್ಗೆ ಕಾಫಿಗೆ ಬೆರೆಸುವುದು ಡಿಕಾಕ್ಷನ್ನೋ, ಕಾಫಿಸಾರೋ? 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ ಜನ ಪದಸಮಿತಿ ಕೂಡಿಸಲಿಲ್ಲ. ಪ್ಲೇಗಮ್ಮ ಅಂತ ಕರೆದು ಗುಡಿ ಕಟ್ಟಿದರು. ಹೊಸ ಕಾಯಿಲೆ ತನ್ನ ಹೆಸರನ್ನು ತಾನೇ ತರುತ್ತೆ. ಕೀಮೋ ಅನ್ನುವುದನ್ನು ನಾವ್ಯಾರೂ ಪ್ರಶ್ನಿಸಲಿಲ್ಲವಲ್ಲ? 'ಮ್ಯೂಕೊಸೈಟಿಸ್' ಎಂದೇ ಬರೆದು ಒಂದು ಸಾಲಿನಲ್ಲಿ ಬಿಡಿಸಿ ಹೇಳಿ. ನರ್ಸು ಹೇಳುವುದೂ ಅದೇ ಪದ, ಚೀಟಿಯಲ್ಲಿರುವುದೂ ಅದೇ.

– ರಾ., ಬೆಂಗಳೂರು

*

ಪ್ಲೇಗಮ್ಮನಿಗೆ ಗುಡಿ ಕಟ್ಟಿದ್ದು ಹೆದರಿ. ಹೆದರಿಕೆ ಪದನೀತಿ ಆಗಲಾರದು. ಹುಣ್ಣು, ಬೇಗೆ, ಬಾವು, ಕೀವು ಇಷ್ಟೆಲ್ಲ ಇರುವ ಭಾಷೆಗೆ ಬಾಯಿಯ ನೋವು ಹೇಳಲು ಲ್ಯಾಟಿನ್ನಿನ ಲೋಳೆಗೆ ಗ್ರೀಕಿನ ಬಾಲ ಅಂಟಿಸಿದ ಪದ ಬೇಕೆ? ಡಿಕಾಕ್ಷನ್ ಬಗ್ಗೆ ಬೇರೆ ಎಳೆ ತೆಗೆಯಿರಿ, ಉತ್ತರಿಸುತ್ತೇನೆ.

– ಕೃ.

*

ಎಲ್ಲರಿಗೂ ಧನ್ಯವಾದ. ಜಗಳ ಮುಗಿಯುವವರೆಗೆ ಪ್ರೆಸ್ಸಿನವರು ಕಾಯುವುದಿಲ್ಲ. ಹೀಗೆ ಕಳಿಸುತ್ತಿದ್ದೇನೆ:

"ಕೀಮೋ ಔಷಧಿಗಳಿಂದ ಬಾಯಿಯ ಒಳಗೆಲ್ಲ ಕೆಂಪಾಗಿ ಬೆಂದಂತಾಗಬಹುದು, ಆಮೇಲೆ ಹುಣ್ಣಾಗಬಹುದು. ಇದಕ್ಕೆ ಮ್ಯೂಕೊಸೈಟಿಸ್ ಎನ್ನುತ್ತಾರೆ. ಉರಿ ಶುರುವಾದ ಕೂಡಲೇ ತಿಳಿಸಿ, ಹುಣ್ಣಾಗುವವರೆಗೆ ಕಾಯಬೇಡಿ. ಇದನ್ನು ತಡೆಯಲು ಲೋಳೆಸರದ ರಸ, ಅರಿಶಿನ ಮತ್ತು ಕ್ಯಾಮೊಮೈಲ್ ಹೂವಿನ ಸತ್ವ ಬೆರೆಸಿದ ಬಾಯಿನೀರು ಮುಂತಾದವನ್ನು ಪ್ರಯೋಗಿಸಿ ನೋಡಿದ್ದಾರೆ. ವೈದ್ಯರನ್ನು ಕೇಳದೆ ಯಾವುದನ್ನೂ ಬಳಸಬೇಡಿ."

ಐಸಿನ ವಿಷಯ ಆಸ್ಪತ್ರೆಯವರಿಗೆ ಬರೆದಿದ್ದೇನೆ ಡಾಕ್ಟ್ರೇ. ಮೌತ್‌ವಾಶಿಗೆ 'ಬಾಯಿನೀರು' ಆಗಬಹುದು ತಾನೇ?

– ಸು.

*

ಬಾಯಿನೀರು ಅಂದ್ರ ಜೊಲ್ಲು. 'ಬಾಯಿ ಮುಕ್ಕಳಿಸೋ ಔಷಧಿ' ಅಂತ ಹಾಕ್ರಿ, ಜಲ್ದಿ.

– ವಿ., ಧಾರವಾಡ