ಎರಡೂ ಕಡೆಯ ಫೋಟೊ ಹಾಕು, ಪುಟ್ಟಿ

ಪುಟ್ಟಿ, ನಿನ್ನ ಸಂದೇಶವನ್ನು ಬೆಳಗ್ಗೆಯೇ ನೋಡಿದೆ. ಟೈಪ್ ಮಾಡೋಣವೆಂದರೆ ಕನ್ನಡಕ ಸಿಗಲಿಲ್ಲ, ಅದಕ್ಕೆ ಮಾತನಾಡಿಯೇ ಕಳುಹಿಸುತ್ತಿದ್ದೇನೆ. ಸ್ವಲ್ಪ ಉದ್ದವಾಗುತ್ತದೆ, ಅರ್ಧಕ್ಕೆ ನಿಲ್ಲಿಸಬೇಡ. ಅಳಿಯಂದಿರು ಗ್ಯಾರೇಜಿಗೆ ಹೋಗಿ ರಾಯಲ್ ಎನ್‌ಫೀಲ್ಡ್ ಬೈಕು ಕ್ಲಾಸಿಕ್ 350ರ ಹಿಂದಿನ ಶಾಕ್ ಅಬ್ಸಾರ್ಬರ್ ಬಿಗಿ ಮಾಡಿಸಿಕೊಂಡು ಬಂದಿದ್ದಾರೆ, ಆಮೇಲಿನಿಂದ ರಸ್ತೆಯ ಪ್ರತಿ ಹಂಪಿಗೂ ನಿನ್ನ ಸೊಂಟಕ್ಕೆ ಗುದ್ದಿದಂತಾಗುತ್ತಿದೆ, ತಿರುವಿನಲ್ಲಿ ಹಿಂದಿನ ಚಕ್ರ ಅಲುಗಿದಂತೆ ಅನ್ನಿಸುತ್ತಿದೆ, ಶುಕ್ರವಾರ ಚಾರ್ಮಾಡಿ ಇಳಿದು ಧರ್ಮಸ್ಥಳಕ್ಕೆ ಹೋಗಬೇಕು, ಹೋಗಬಹುದೇ ದೊಡ್ಡಪ್ಪ ಎಂದು ಕೇಳಿದ್ದೀಯೆ. ಈ ಗುಂಪಿನಲ್ಲಿ ಇಷ್ಟು ಜನರಿದ್ದಾರೆ. ಮೂವರು ಕೈಮುಗಿದ ಚಿತ್ರ ಹಾಕಿದ್ದಾರೆ, ಒಬ್ಬ ಯೂಟ್ಯೂಬ್ ನೋಡು ಎಂದಿದ್ದಾನೆ, ನಿನ್ನ ಅತ್ತೆ ಕಾರಿನಲ್ಲಿ ಹೋಗಿ ಎಂದಿದ್ದಾಳೆ. ಕಾರಿದ್ದಿದ್ದರೆ ನೀನು ಈ ಪ್ರಶ್ನೆಯನ್ನೇ ಕೇಳುತ್ತಿರಲಿಲ್ಲ ಎಂಬುದು ಯಾರಿಗೂ ಹೊಳೆದಂತಿಲ್ಲ.

ಅಲುಗಿದಂತೆ ಅನ್ನಿಸುತ್ತಿದೆ ಎಂದು ಬರೆದಿದ್ದೀಯಲ್ಲ, ಆ ಮಾತು ಓದಿದ ಕೂಡಲೇ ನನಗೆ ಕಾಫಿ ಗಂಟಲಲ್ಲಿ ಇಳಿಯಲಿಲ್ಲ. ಯಾಕೆ ಎಂದು ನಿನಗೆ ಗೊತ್ತು. ಗೊತ್ತಿಲ್ಲದಿದ್ದರೆ ನಿನ್ನ ದೊಡ್ಡಮ್ಮನ ಎಡಗೈ ಮಣಿಕಟ್ಟನ್ನು ನೋಡು. ಮಳೆಗಾಲ ಶುರುವಾಯಿತೆಂದರೆ ಅಲ್ಲಿ ಇಂದಿಗೂ ನೋವು.

ಆಗ ನಾನು ಮೂಡಿಗೆರೆಯಲ್ಲಿ ಮೇಷ್ಟ್ರು. ನಿನ್ನ ದೊಡ್ಡಮ್ಮನ ತವರು ಬೆಳ್ತಂಗಡಿ ಎಂದ ಮೇಲೆ ಚಾರ್ಮಾಡಿ ಘಾಟಿ ನಮಗೆ ಅಂಗಳವಿದ್ದ ಹಾಗೆ. ಗಾಡಿ ನಮ್ಮ ಯೆಜ್ಡಿ, ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದದ್ದು. ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕಬೇಕಾದ ಟೂ ಸ್ಟ್ರೋಕ್. ಕಿಕ್ ಮಾಡುವ ಲಿವರೇ ಗೇರ್ ಲಿವರ್, ಎರಡು ಕಡೆ ಎರಡು ಸೈಲೆನ್ಸರ್. ನಾನು ಕೊಟ್ಟಿಗೆಹಾರದ ತಿರುವಿಗೆ ಬರುವ ಮೊದಲೇ ಸದ್ದು ಕೇಳಿ ಹೋಟೆಲಿನವನು ನೀರುದೋಸೆಯ ಕಾವಲಿಗೆ ಒಲೆ ಹಚ್ಚುತ್ತಿದ್ದ. 1986ರ ನವೆಂಬರಿನಲ್ಲಿ ಅದರ ಹಿಂದಿನ ಎಡಗಡೆಯ ಶಾಕ್ ಅಬ್ಸಾರ್ಬರ್ ಸೋರಲಾರಂಭಿಸಿತು. ಒಳಗಿನ ಎಣ್ಣೆ ಹೋದ ಮೇಲೆ ಉಳಿಯುವುದು ಬರೀ ಸ್ಪ್ರಿಂಗು. ಸ್ಪ್ರಿಂಗಿಗೆ ಕುಗ್ಗುವುದೂ ಹಿಗ್ಗುವುದೂ ಗೊತ್ತು, ನಿಲ್ಲುವುದು ಗೊತ್ತಿಲ್ಲ. ಅದನ್ನು ನಿಲ್ಲಿಸುವುದು ಎಣ್ಣೆ. ಸಣ್ಣ ತೂತಿನಲ್ಲಿ ಎಣ್ಣೆ ನುಸುಳಿ ಹೋಗಬೇಕಾದ್ದರಿಂದ ಗಾಡಿ ಒಮ್ಮೆ ಕುಗ್ಗಿ, ಒಮ್ಮೆ ಎದ್ದು ಸುಮ್ಮನಾಗುತ್ತದೆ. ಎಣ್ಣೆ ಇಲ್ಲದಿದ್ದರೆ ಒಂದು ಗುಂಡಿಗೆ ನಾಲ್ಕು ಸಲ ಕುಣಿಯುತ್ತದೆ.

ಗ್ಯಾರೇಜಿನವರು ಹೇಳಿದರು, ಮೇಷ್ಟ್ರೇ ಜೋಡಿಯನ್ನೇ ಬದಲಾಯಿಸಿ ಎಂದು. ನಾನು ವಿಜ್ಞಾನದ ಮೇಷ್ಟ್ರು, ನನಗೆ ಹೇಳಲು ಇವನು ಯಾರು? ಸೋರುತ್ತಿರುವುದು ಒಂದು, ಬದಲಾಯಿಸುವುದೂ ಒಂದು ಎಂದೆ. ಲೆಕ್ಕದ ಪ್ರಕಾರ ಸರಿಯೇ. ಎಡಗಡೆಗೆ ಹೊಸದು ಹಾಕಿಸಿದೆ, ಬಲಗಡೆ ಏಳು ವರ್ಷದ ಹಳೆಯದು ಹಾಗೆಯೇ ಉಳಿಯಿತು. ಊರೊಳಗೆ ಓಡಿಸಿದಾಗ ಏನೂ ಗೊತ್ತಾಗಲಿಲ್ಲ. ಒಬ್ಬನೇ ಇದ್ದೆ, ರಸ್ತೆಯೂ ಸಮತಟ್ಟು.

ಡಿಸೆಂಬರಿನ ರಜೆಗೆ ಇಬ್ಬರೂ ಹೊರಟೆವು. ಮಲೆನಾಡಿನ ಕಿತ್ತಳೆಯ ಕಾಲ. ಮಾವನವರಿಗೆಂದು ಒಂದು ಗೋಣಿಚೀಲ ಕಿತ್ತಳೆ, ಎರಡು ಸೇರು ಕಾಫಿ ಪುಡಿ, ಎಲ್ಲವನ್ನೂ ಎಡಗಡೆಗೇ ಕಟ್ಟಿದ್ದೆ, ಬಲಗಡೆ ನನ್ನ ಕೊಡೆ. ಘಾಟಿ ಇಳಿಯಲು ಶುರುಮಾಡಿದ ಮೇಲೆ ಮೂರನೆಯದೋ ನಾಲ್ಕನೆಯದೋ ತಿರುವಿನಲ್ಲಿ ಗಾಡಿಯ ಹಿಂಭಾಗ ಒಮ್ಮೆ ಹೀಗೆ, ಒಮ್ಮೆ ಹಾಗೆ ತೂಗಿತು. ನಿನ್ನ ದೊಡ್ಡಮ್ಮ ಹಿಂದಿನಿಂದ ಭುಜ ತಟ್ಟಿ, ರೀ, ಏನೋ ಅಲುಗುತ್ತಿದೆ ಎಂದಳು. ನೀನು ಬರೆದಿರುವ ಮಾತನ್ನೇ ಅಕ್ಷರ ಬಿಡದೆ ಹೇಳಿದಳು. ನಾನು ಸುಮ್ಮನೆ ಕೂತುಕೋ ಎಂದೆ. ಟೂ ಸ್ಟ್ರೋಕ್ ಗಾಡಿಯಲ್ಲಿ ಇಳಿಜಾರಿಗೆ ಎಂಜಿನ್ನಿನ ಹಿಡಿತ ಕಡಿಮೆ, ಎಲ್ಲ ಭಾರವೂ ಬ್ರೇಕಿನ ಮೇಲೆ. ಮುಂದಿನ ತಿರುವಿನಲ್ಲಿ ಎದುರಿಗೆ ಬಸ್ಸು ಬಂತು, ನಾನು ಬ್ರೇಕ್ ಹಿಡಿದೆ, ಕಿತ್ತುಹೋಗಿದ್ದ ಡಾಂಬರಿನ ಅಂಚಿಗೆ ಹಿಂದಿನ ಚಕ್ರ ತಾಗಿತು. ಎಡಗಡೆಯ ಹೊಸ ಶಾಕ್ ತಡೆದು ನಿಂತಿತು, ಬಲಗಡೆಯ ಮುದುಕ ಕುಸಿದ. ಹಿಂದಿನ ಚಕ್ರವನ್ನು ಹಿಡಿದಿರುವ ಸ್ವಿಂಗ್ ಆರ್ಮ್ ತಿರುಚಿಕೊಂಡು ಗಾಡಿ ಅಡ್ಡ ತಿರುಗಿ ನಾವಿಬ್ಬರೂ ಗುಡ್ಡದ ಕಡೆಯ ಚರಂಡಿಯಲ್ಲಿ. ಕಣಿವೆಯ ಕಡೆಗೆ ಬಿದ್ದಿದ್ದರೆ ಈ ಧ್ವನಿ ಸಂದೇಶ ನಿನಗೆ ಬರುತ್ತಿರಲಿಲ್ಲ. ಕಿತ್ತಳೆಗಳೆಲ್ಲ ಇಳಿಜಾರಿನಲ್ಲಿ ಉರುಳಿಕೊಂಡು ನಮಗಿಂತ ಮುಂಚೆ ಬೆಳ್ತಂಗಡಿಯ ಕಡೆಗೆ ಹೊರಟವು. ಬಸ್ಸಿನ ಕಂಡಕ್ಟರ್ ಇಳಿದು ಬಂದು ಮೊದಲು ನಿನ್ನ ದೊಡ್ಡಮ್ಮನನ್ನು ಎಬ್ಬಿಸಿದರು, ಆಮೇಲೆ ಟವೆಲಿನಲ್ಲಿ ಸಿಕ್ಕಷ್ಟು ಕಿತ್ತಳೆ ಆರಿಸಿ ಕೊಟ್ಟರು. ಪುಣ್ಯಾತ್ಮರು. ಅವಳ ಮಣಿಕಟ್ಟು ಮುರಿದಿತ್ತು, ಆರು ವಾರ ಪಟ್ಟಿ. ನನಗೆ ಒಂದು ಗೀರೂ ಇಲ್ಲ, ಅದನ್ನು ಅವಳು ಇಂದಿಗೂ ಕ್ಷಮಿಸಿಲ್ಲ.

ಗಾಡಿ ಬಿಚ್ಚಿಸಿದಾಗ ಸ್ವಿಂಗ್ ಆರ್ಮಿನ ಕೀಲಿನಲ್ಲಿ ಕೂರುವ ಬುಷ್ ಕೂಡ ಸವೆದಿತ್ತು ಎಂದು ತಿಳಿಯಿತು. ಬುಷ್ ಗಟ್ಟಿಯಾಗಿದ್ದಿದ್ದರೆ ಬಹುಶಃ ಆ ತೂಗಾಟದಲ್ಲೇ ಪಾರಾಗುತ್ತಿದ್ದೆವು. ಇರಲಿ. ನಾನು ಹೇಳುವುದು ಇಷ್ಟು, ಹಿಂದಿನ ಎರಡು ಶಾಕ್ ಅಬ್ಸಾರ್ಬರುಗಳೆಂದರೆ ಒಂದೇ ನೊಗದ ಎರಡು ಎತ್ತು. ಒಂದು ಕಡೆ ಹೋರಿ, ಇನ್ನೊಂದು ಕಡೆ ಮುದಿ ಎತ್ತು ಕಟ್ಟಿ ಗಾಡಿ ಹೊಡೆದರೆ ಅದು ಹಳ್ಳಕ್ಕೇ ಹೋಗುವುದು. ಒಂದನ್ನು ಮಾತ್ರ ಮುಟ್ಟಬಾರದು. ಮುಟ್ಟಿದರೆ ಎರಡನ್ನೂ ಮುಟ್ಟಬೇಕು.

ಆ ಯೆಜ್ಡಿಯನ್ನು ನಾನು ಸರಿಮಾಡಿಸಿದೆ, ಎರಡೂ ಶಾಕ್ ಹೊಸದು ಹಾಕಿಸಿ, ಬುಷ್ ಬದಲಾಯಿಸಿ. ಆಮೇಲೆ ಹನ್ನೆರಡು ವರ್ಷ ಬೆಣ್ಣೆಯ ಹಾಗೆ ಓಡಿತು. ಕಾರ್ಖಾನೆ 1996ರಲ್ಲಿ ಮುಚ್ಚಿದರೂ ನನ್ನ ಗಾಡಿ ನಿಲ್ಲಲಿಲ್ಲ. ನಿಲ್ಲಿಸಿದವರು ಯಾರು ಎಂದು ನಿನ್ನ ಅಪ್ಪನನ್ನು ಕೇಳು. ಅವನೂ ಇದೇ ಗುಂಪಿನಲ್ಲಿದ್ದಾನೆ, ಕೇಳಿಸಿಕೊಳ್ಳಲಿ. ನನಗೆ ರಾಯಚೂರಿಗೆ ವರ್ಗವಾಯಿತು, ಗಾಡಿಯನ್ನು ಊರಿನ ಮನೆಯ ಕೊಟ್ಟಿಗೆಯಲ್ಲಿ ಚೀಲ ಹೊದಿಸಿ ಇಟ್ಟು ಹೋದೆ. ಯುಗಾದಿಗೆ ಬಂದು ನೋಡುತ್ತೇನೆ, ಆ ಜಾಗದಲ್ಲಿ ಹಿಂಡಿಯ ಮೂಟೆ. ಎಲ್ಲಿ ಗಾಡಿ ಎಂದರೆ, ಗುಜರಿಯವನು ಬಂದಿದ್ದ ಅಣ್ಣಯ್ಯ, ಜಾಗ ಹಿಡಿದಿತ್ತು, ಕೊಟ್ಟುಬಿಟ್ಟೆ ಎಂದ. ತೂಕದ ಲೆಕ್ಕಕ್ಕೆ ಕೊಟ್ಟಿದ್ದಾನೆ! ಒಂದು ಪತ್ರ ಬರೆಯಲು ಆಗಲಿಲ್ಲ, ಪಕ್ಕದ ಮನೆಯಲ್ಲಿ ಫೋನಿತ್ತು, ಒಂದು ಟ್ರಂಕ್ ಕಾಲ್ ಮಾಡಲು ಆಗಲಿಲ್ಲ. ಆ ದುಡ್ಡಿನಲ್ಲಿ ಏನು ಕೊಂಡ ಎಂದು ಕೇಳಿದರೆ ಮಿಕ್ಸಿ ರಿಪೇರಿ ಮಾಡಿಸಿದೆ ಎಂದ. ಈಗ ಹುಡುಗರು ಹಳೆಯ ಯೆಜ್ಡಿ ಎಲ್ಲಿ ಸಿಗುತ್ತದೆ ಎಂದು ಊರೂರು ಅಲೆಯುತ್ತಾರೆ. ಅದರ ಆರ್‌ಸಿ ಪುಸ್ತಕ ನನ್ನ ಟ್ರಂಕಿನಲ್ಲಿ ಇಂದಿಗೂ ಇದೆ. ಗಾಡಿ ಇಲ್ಲ, ಪುಸ್ತಕ ಇದೆ. ನಿನ್ನ ಮದುವೆಯ ದಿನ ಅವನ ಪಕ್ಕದಲ್ಲೇ ಕೂತು ಊಟ ಮಾಡಿದೆ, ಆ ವಿಷಯ ಎತ್ತಲಿಲ್ಲ. ಹೋಳಿಗೆ ಬಡಿಸುವಾಗ ಬಾಯಿಯವರೆಗೆ ಬಂದಿತ್ತು, ನುಂಗಿಕೊಂಡೆ.

ಹೂಂ, ಕುಕ್ಕರ್ ಆಯಿತು, ಆಫ್ ಮಾಡುತ್ತೇನೆ ಕಣೆ, ಮಾತು ಮುಗಿಸುತ್ತೇನೆ. ನಿನಗಲ್ಲ ಪುಟ್ಟಿ, ನಿನ್ನ ದೊಡ್ಡಮ್ಮನಿಗೆ ಹೇಳಿದ್ದು. ಅವಳು ಹೇಳುತ್ತಿದ್ದಾಳೆ, ಆ ಮಗು ಕೇಳಿದ್ದಕ್ಕೆ ಇನ್ನೂ ಉತ್ತರವನ್ನೇ ಕೊಟ್ಟಿಲ್ಲ ನೀವು ಎಂದು.

ಸರಿ ಪುಟ್ಟಿ, ಕೇಳು. ನಿಮ್ಮ ಗಾಡಿಯಲ್ಲಿ ಹಿಂದಿನ ಸ್ಪ್ರಿಂಗನ್ನು ಹಿಡಿದಿರುವ ಒಂದು ಬಳೆ ಇದೆ, ಅದರಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಚ್ಚುಗಳಿವೆ. ಕ್ಲಾಸಿಕ್ 350ಕ್ಕೆ ಅಂಥ ಆರು ಮೆಟ್ಟಿಲು. ಬಲಗಡೆ ಸೈಲೆನ್ಸರ್ ಇರುವುದರಿಂದ ಆ ಕಡೆ ಸ್ಪ್ಯಾನರ್ ತಿರುಗಿಸುವುದು ಕಿರಿಕಿರಿ, ಬಿಸಿಯಾಗಿದ್ದರೆ ಕೈಯೂ ಸುಡುತ್ತದೆ. ನನ್ನ ಅನುಮಾನ ಏನೆಂದರೆ, ಗ್ಯಾರೇಜಿನ ಹುಡುಗ ಎಡಗಡೆಯನ್ನು ಪೂರ್ತಿ ತಿರುಗಿಸಿ, ಬಲಗಡೆಯನ್ನು ನಾಳೆ ನೋಡೋಣ ಎಂದು ಬಿಟ್ಟಿರಬೇಕು. ನಿನ್ನ ಸೊಂಟಕ್ಕೆ ಗುದ್ದುವುದೂ ಅದರಿಂದಲೇ, ಅಲುಗುವುದೂ ಅದರಿಂದಲೇ ಇರಬಹುದು. ಅಳಿಯಂದಿರು ಇವತ್ತು ಸಂಜೆಯೇ, ಗಾಡಿ ಆರಿದ ಮೇಲೆ, ಬ್ಯಾಟರಿ ಹಿಡಿದು ಬಗ್ಗಿ ಎರಡೂ ಕಡೆಯ ಮೆಟ್ಟಿಲು ಎಣಿಸಲಿ. ಎಡಗಡೆ ಆರನೆಯದು, ಬಲಗಡೆ ಎರಡನೆಯದು ಎಂದೇನಾದರೂ ಬಂದರೆ ಸಮ ಮಾಡುವ ತನಕ ನೀನು ಹಿಂದೆ ಹತ್ತಲೇಬೇಡ.

ಇನ್ನೊಂದು ವಿಷಯ. ಪೂರ್ತಿ ಬಿಗಿ ಮಾಡಿದರೆ ಸ್ಪ್ರಿಂಗ್ ಗಟ್ಟಿಯಾಗುತ್ತದೆ ಎಂದು ಎಲ್ಲರೂ ತಪ್ಪು ತಿಳಿದಿದ್ದಾರೆ. ಸ್ಪ್ರಿಂಗಿನ ಬಲ ಹುಟ್ಟಿನಿಂದ ಎಷ್ಟಿದೆಯೋ ಅಷ್ಟೇ. ಬಳೆ ತಿರುಗಿಸಿದರೆ ಬದಲಾಗುವುದು ಗಾಡಿ ಕುಳಿತುಕೊಳ್ಳುವ ಎತ್ತರ. ಇಬ್ಬರು ಕುಳಿತು ಬ್ಯಾಗು ಕಟ್ಟಿದಾಗ ಹಿಂಭಾಗ ಕುಸಿದರೆ ಹ್ಯಾಂಡಲ್ ಹಗುರವಾಗುತ್ತದೆ, ತಿರುವಿನಲ್ಲಿ ಗಾಡಿ ಹೊರಗೆ ಹೊರಗೆ ಹೋಗುತ್ತದೆ, ಹೆಡ್‌ಲೈಟ್ ಎದುರಿನವನ ಕಣ್ಣಿಗೆ ಹೊಡೆಯುತ್ತದೆ. ಅದಕ್ಕೆ ಒಂದೆರಡು ಮೆಟ್ಟಿಲು ಏರಿಸುವುದು. ಅತಿಯಾಗಿ ಏರಿಸಿದರೆ ಗುಂಡಿಗೆ ಚಕ್ರ ಇಳಿಯಲು ಜಾಗವೇ ಇರುವುದಿಲ್ಲ, ರಸ್ತೆ ಬಿಟ್ಟು ಹಾರುತ್ತದೆ, ಹಾರಿದ ಚಕ್ರಕ್ಕೆ ಬ್ರೇಕು ಎಲ್ಲಿಂದ ಬರಬೇಕು? ನೀವಿಬ್ಬರೂ ತೆಳ್ಳಗಿದ್ದೀರಿ. ಮೂರನೆಯದರಲ್ಲಿ ಇಟ್ಟು ನೋಡಿ, ಹಂಪಿನಲ್ಲಿ ತಳ ಬಡಿದರೆ ನಾಲ್ಕು. ಅಳಿಯಂದಿರೊಬ್ಬರೇ ಆಫೀಸಿಗೆ ಹೋಗುವಾಗ ಒಂದೋ ಎರಡೋ ಸಾಕು. ಟೂಲ್ ಕಿಟ್ಟಿನಲ್ಲಿ ಕೊಕ್ಕೆಯಂತಹ ಸಿ ಸ್ಪ್ಯಾನರ್ ಇಲ್ಲದಿದ್ದರೆ ಗ್ಯಾರೇಜಿನಲ್ಲಿ ಕೇಳಿ ತರಲಿ, ಸುತ್ತಿಗೆ ಉಳಿ ಹಿಡಿದು ಬಡಿಯುವುದು ಬೇಡ, ಕಚ್ಚು ಮುರಿಯುತ್ತದೆ.

ಅಂದಾಜಿನ ಮೇಲೆ ನಂಬಿಕೆ ಇಲ್ಲದಿದ್ದರೆ ಅಳೆಯಿರಿ, ನಾನು ಮೇಷ್ಟ್ರಲ್ಲವೇ. ಗಾಡಿಯನ್ನು ಸೆಂಟರ್ ಸ್ಟ್ಯಾಂಡಿಗೆ ಹಾಕಿ, ಹಿಂದಿನ ಚಕ್ರ ನೇತಾಡುತ್ತಿರುವಾಗ ಅದರ ನಡುವಿನ ಅಚ್ಚಾದ ಆಕ್ಸಲ್‌ನಿಂದ ನೇರ ಮೇಲಕ್ಕೆ ಸೀಟಿನ ಕೆಳಗೆ ಒಂದು ಗುರುತು ಹಾಕಿ ಟೇಪು ಹಿಡಿಯಲಿ. ಆಮೇಲೆ ಸ್ಟ್ಯಾಂಡ್ ತೆಗೆದು ಇಬ್ಬರೂ ಬ್ಯಾಗಿನ ಸಮೇತ ಕುಳಿತು, ಮೂರನೆಯವರೊಬ್ಬರು ಅದೇ ಜಾಗ ಅಳೆಯಲಿ. ಎಷ್ಟು ಕುಗ್ಗಿತೋ ಅದು ಚಕ್ರ ಒಟ್ಟು ಮೇಲೆ ಬರಬಲ್ಲ ದೂರದ ಕಾಲು ಭಾಗದಿಂದ ಮೂರನೇ ಒಂದು ಭಾಗದೊಳಗೆ ಇದ್ದರೆ ಸರಿ. ನೂರು ಮಿಲಿಮೀಟರ್ ಎಂದರೆ ಇಪ್ಪತ್ತೈದರಿಂದ ಮೂವತ್ತಮೂರು.

ಇದೆಲ್ಲಕ್ಕಿಂತ ಮೊದಲು ಟೈರಿನ ಗಾಳಿ! ನೋಡು, ಮೊದಲು ಹೇಳಬೇಕಾದದ್ದನ್ನು ಕೊನೆಗೆ ಹೇಳುತ್ತಿದ್ದೇನೆ. ಟೈರ್ ತಣ್ಣಗಿರುವಾಗ, ಗಾಡಿಯ ಜೊತೆ ಕೊಟ್ಟ ಪುಸ್ತಕದಲ್ಲಿ ಇಬ್ಬರಿಗೆ ಎಷ್ಟು ಎಂದಿದೆಯೋ ಅಷ್ಟು ಹಾಕಿಸಲಿ. ಗಾಳಿ ಹೆಚ್ಚಾದರೂ ಸೊಂಟಕ್ಕೆ ಗುದ್ದುತ್ತದೆ, ಕಡಿಮೆಯಾದರೂ ತಿರುವಿನಲ್ಲಿ ತೂಗುತ್ತದೆ. ಶಾಕನ್ನು ಬೈದು ಪ್ರಯೋಜನವಿಲ್ಲ. ಮುಂದಿನ ಚಕ್ರವನ್ನು ಹಿಡಿದಿರುವ ಫೋರ್ಕಿನಲ್ಲಿ ನಿಮಗೆ ತಿರುಗಿಸಲು ಏನೂ ಇಲ್ಲ, ಆದರೆ ಹೊಳೆಯುವ ಕೊಳವೆಯ ಸುತ್ತ ಎಣ್ಣೆಯ ಉಂಗುರ ಕಂಡರೆ ಒಳಗಿನ ಎಣ್ಣೆ ಹೊರಬರದಂತೆ ತಡೆಯುವ ಆಯಿಲ್ ಸೀಲ್ ಹೋಗಿದೆ ಎಂದರ್ಥ. ಆ ಎಣ್ಣೆ ಇಳಿದು ಡಿಸ್ಕ್ ಬ್ರೇಕಿಗೆ ತಾಗಿದರೆ ಘಾಟಿಯಲ್ಲಿ ಅಣ್ಣಪ್ಪ ಸ್ವಾಮಿಯೇ ಕಾಪಾಡಬೇಕು. ಅದು ಕಂಡರೆ ಹೊರಡುವುದೇ ಬೇಡ. ಸೆಂಟರ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿದಾಗಲೇ ಹಿಂದಿನ ಚಕ್ರವನ್ನು ಎರಡು ಕೈಯಲ್ಲಿ ಹಿಡಿದು ಅಡ್ಡಕ್ಕೆ ಅಲುಗಿಸಿ ನೋಡಲಿ. ಟಕ್ ಟಕ್ ಎಂದರೆ ಬುಷ್ಷೋ ಬೇರಿಂಗೋ ಹೋಗಿದೆ.

ಎಲ್ಲ ಮುಗಿದ ಮೇಲೆ ಮನೆಯ ಹತ್ತಿರದ ಒಂದೇ ಹಂಪಿನ ಮೇಲೆ, ಒಂದೇ ವೇಗದಲ್ಲಿ ಎರಡು ಮೂರು ಸಲ ಹೋಗಿ ಬನ್ನಿ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ, ಚೀಟಿಯಲ್ಲಿ ಬರೆದಿಡಿ. ಬ್ಯಾಗನ್ನು ಎರಡು ಕಡೆ ಸಮವಾಗಿ ಕಟ್ಟಿ, ನನ್ನ ಕಿತ್ತಳೆಯ ಹಾಗೆ ಮಾಡಬೇಡಿ. ಮತ್ತೆ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ, ಒಂದು ಕಡೆಯದನ್ನು ಮಾತ್ರ ಮುಟ್ಟಬಾರದು. ಶಾಕ್ ಸೋರಿದರೂ ಅಷ್ಟೇ, ದುಡ್ಡಿನ ಮುಖ ನೋಡದೆ ಜೋಡಿಯನ್ನೇ ಹಾಕಿಸಬೇಕು. ದುಡ್ಡು ಸಾಲದಿದ್ದರೆ ನಿನ್ನ ಅಪ್ಪನನ್ನು ಕೇಳು, ಗುಜರಿಯವನು ಕೊಟ್ಟದ್ದರಲ್ಲಿ ಉಳಿದಿದ್ದರೆ ಕೊಡಲಿ.

ರಾತ್ರಿಯೊಳಗೆ ಬಳೆಯ ಫೋಟೊ ಹಾಕು, ಎಡಗಡೆಯದೂ ಬಲಗಡೆಯದೂ. ಒಂದೇ ಫೋಟೊ ಬಂದರೆ ನಾನು ನೋಡುವುದಿಲ್ಲ.